ಸೆವರ್ನ್‌ಡ್ರೂಗ್, ಊಟ್ರಾಡ್ರೂಗ್, ಹೂಲಿಯಾಡ್ರೂಗ್: 1791ರ ಕೋಟೆಗಳನ್ನು ಗುರುತಿಸಲು ನೆರವು ಬೇಕು

ಚಿತ್ರಸಾಲೆ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕು ಗ್ರಂಥಾಲಯದ ಗೆಳೆಯರು ಸೇರಿ ಮೂರನೆಯ ಮೈಸೂರು ಯುದ್ಧದ ಕಾಲದ ಕೋಟೆಗಳ ಹಳೆಯ ಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸುತ್ತಿದ್ದೇವೆ. ರಾಬರ್ಟ್ ಹೋಮ್, ಅಲೆಕ್ಸಾಂಡರ್ ಅಲನ್ ಮೊದಲಾದವರು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದು ಬರೆದು, ಆಮೇಲೆ ಲಂಡನ್ನಿನಲ್ಲಿ ಅಚ್ಚಾದ ಚಿತ್ರಗಳು ಇವು. ಪ್ರತಿಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡಾಗಿದೆ. ತೊಡಕಿರುವುದು ಅಡಿಬರಹದಲ್ಲಿ.

ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಮೂರೇ ಸಾಲು ಹಾಕಬೇಕೆಂದಿದ್ದೇವೆ: ಕೋಟೆಯ ಹೆಸರು, ಅದು ಈಗ ಯಾವ ತಾಲ್ಲೂಕಿನಲ್ಲಿದೆ, 1791-92ರಲ್ಲಿ ಅಲ್ಲಿ ಏನು ನಡೆಯಿತು. ಮೂರು ಸಾಲಿಗೆ ಇಷ್ಟು ತಲೆನೋವು ಇರುತ್ತದೆ ಎಂದುಕೊಂಡಿರಲಿಲ್ಲ. ‘ಸೆವರ್ನ್‌ಡ್ರೂಗ್’ ಎಂದು ಹುಡುಕಿದರೆ ಒಂದು ಕಡೆ ಮಾಗಡಿಯ ಸಾವನದುರ್ಗ, ಇನ್ನೊಂದು ಕಡೆ ರತ್ನಾಗಿರಿ ಜಿಲ್ಲೆಯ ಸಮುದ್ರಕೋಟೆ, ಮತ್ತೊಂದು ಕಡೆ ಲಂಡನ್ನಿನ ಗೋಪುರ ಸಿಗುತ್ತದೆ. ‘ಊಟ್ರಾಡ್ರೂಗ್’, ‘ಹೂಲಿಯಾಡ್ರೂಗ್’ ಒಂದೇ ಕೋಟೆಯೋ ಎರಡೋ ಎಂಬುದರಲ್ಲಿ ನಮ್ಮೊಳಗೇ ಜಗಳ. ಹುತ್ರಿದುರ್ಗವನ್ನು ಕೆಲವರು ಮಾಗಡಿ ತಾಲ್ಲೂಕು ಎನ್ನುತ್ತಾರೆ, ಕೆಲವರು ಕುಣಿಗಲ್ ಎನ್ನುತ್ತಾರೆ. ಬೆಂಗಳೂರು ಬ್ರಿಟಿಷರ ವಶವಾದ ದಿನ ಮಾರ್ಚ್ 7 ಎಂದೂ ಮಾರ್ಚ್ 21 ಎಂದೂ ಎರಡು ದಿನಾಂಕಗಳಿವೆ. ತಿಳಿದವರು ದಯವಿಟ್ಟು ಹೇಳಿ. ಕೇಳಿದ್ದಷ್ಟೇ ಅಲ್ಲ, ಯಾವುದರ ಆಧಾರದ ಮೇಲೆ ಹೇಳುತ್ತೀರಿ ಎಂಬುದನ್ನೂ ಬರೆಯಿರಿ.

ಮಾಗಡಿ ಕಲ್ಲು:

ಸೆವರ್ನ್‌ಡ್ರೂಗ್ ಎಂದರೆ ನಮ್ಮ ಸಾವನದುರ್ಗ. ಇದರಲ್ಲಿ ಚರ್ಚೆಗೆ ಏನಿದೆ? ಅದನ್ನು ಗೆದ್ದ ಹೆಮ್ಮೆಗೆ ಬ್ರಿಟಿಷರು ಲಂಡನ್ನಿನಲ್ಲಿ ಗೋಪುರವನ್ನೇ ಕಟ್ಟಿಸಿದ್ದಾರೆ. ಆ ಗೋಪುರದ ಚಿತ್ರವನ್ನೂ ಪ್ರದರ್ಶನದಲ್ಲಿ ಹಾಕಿ, ಮಾಗಡಿಯವರು ನೋಡಿ ಸಂತೋಷಪಡಲಿ.

ಹಳೆ ನಕ್ಷೆ:

ಗೋಪುರ ಕಟ್ಟಿದ್ದು 1784ರಲ್ಲಿ. ಸಾವನದುರ್ಗ ಬಿದ್ದದ್ದು 1791ರ ಡಿಸೆಂಬರ್ 21ರಂದು. ಏಳು ವರ್ಷ ಮೊದಲೇ ಗೆಲುವಿನ ಸ್ಮಾರಕ ಕಟ್ಟುವವರು ಯಾರೂ ಇಲ್ಲ.

ಲಂಡನ್ನಿನ ಶೂಟರ್ಸ್ ಹಿಲ್ ಮೇಲಿರುವ ಆ ಮುಮ್ಮೂಲೆ ಗೋಪುರ ಕಮೋಡೋರ್ ವಿಲಿಯಂ ಜೇಮ್ಸ್ ಎಂಬಾತನ ನೆನಪಿಗೆ ಅವನ ಹೆಂಡತಿ ಕಟ್ಟಿಸಿದ್ದು. ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕಾದಳದವನು. 1755ರ ಏಪ್ರಿಲ್‌ನಲ್ಲಿ ಮರಾಠರ ನೆರವಿನಿಂದ, ಕೊಂಕಣ ತೀರದ ನೌಕಾಧಿಪತಿ ತುಳಾಜಿ ಆಂಗ್ರೆಯ ಸುವರ್ಣದುರ್ಗವನ್ನು ಹಿಡಿದ. ಅದು ರತ್ನಾಗಿರಿ ಜಿಲ್ಲೆಯ ದಾಪೋಲಿ ತಾಲ್ಲೂಕಿನ ಹರ್ಣೈ ಬಳಿ ಸಮುದ್ರದ ನಡುವೆ ಇರುವ ಕೋಟೆ. ಸುವರ್ಣದುರ್ಗ ಅವರ ಬರಹದಲ್ಲಿ ಸೆವರ್ನ್‌ಡ್ರೂಗ್ ಆಯಿತು. ಮೂವತ್ತಾರು ವರ್ಷಗಳ ನಂತರ ಮಾಗಡಿಯ ಸಾವನದುರ್ಗಕ್ಕೆ ಬಂದಾಗ, ಅದೂ ಕೆಲವರ ಕೈಯಲ್ಲಿ ಸೆವರ್ನ್‌ಡ್ರೂಗ್ ಆಯಿತು, ಕೆಲವರ ಕೈಯಲ್ಲಿ ಸಾವೆನ್‌ಡ್ರೂಗ್. ಎರಡರ ನಡುವೆ ನೇರ ದೂರವೇ ಸುಮಾರು 700 ಕಿಲೋಮೀಟರ್.

ಆದ್ದರಿಂದ ಚಿತ್ರಸಾಲೆ ಅವರೇ, ಮೊದಲು ಚಿತ್ರ ನೋಡಿ. ಅಲೆ, ಹಡಗು, ದ್ವೀಪ ಇದ್ದರೆ ಅದು ನಿಮ್ಮ ಪ್ರದರ್ಶನಕ್ಕೆ ಸೇರಿದ್ದಲ್ಲ. ಸೀಳಿದ ಬೋಳು ಬಂಡೆ, ಕೆಳಗೆ ಕಾಡು, ಡೇರೆಗಳು ಇದ್ದರೆ ಸಾವನದುರ್ಗ. ಆಮೇಲೆ ಇಸವಿ ನೋಡಿ. ಆಮೇಲೆ ಸೇನಾಪತಿ ಯಾರು ಎಂದು ನೋಡಿ. ಉಚ್ಚಾರಣೆಯ ಹೋಲಿಕೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಥೇಮ್ಸ್ ದಂಡೆ:

ನಾನು ಆ ಗೋಪುರದ ಹತ್ತಿರದ ಬಡಾವಣೆಯಲ್ಲಿದ್ದೇನೆ. ಬಾಗಿಲ ಮೇಲಿನ ಶಿಲಾಫಲಕದಲ್ಲೇ ಉತ್ತರವಿದೆ. ‘ಮಲಬಾರ್ ತೀರದಾಚೆಯ ಸೆವರ್ನ್‌ಡ್ರೂಗ್ ಕೋಟೆ’ಯನ್ನು 1755ರ ಏಪ್ರಿಲ್ 2ರಂದು ಗೆದ್ದದ್ದಕ್ಕೆ ಎಂಬ ಅರ್ಥದಲ್ಲಿ ಬರೆದಿದ್ದಾರೆ, ಇಸವಿಗಳು ರೋಮನ್ ಅಂಕಿಗಳಲ್ಲಿವೆ. ಆ ಕಾಲದ ಇಂಗ್ಲಿಷರಿಗೆ ಪಶ್ಚಿಮ ಕರಾವಳಿ ಎಲ್ಲವೂ ಮಲಬಾರ್ ಆಗಿತ್ತು. ಇದನ್ನು ಓದಿ ಕೆಲವರು ಸೆವರ್ನ್‌ಡ್ರೂಗ್ ಕೇರಳದಲ್ಲಿದೆ ಎಂದೂ ಬರೆದಿದ್ದಾರೆ. ಅಲ್ಲಿಗೆ ಒಂದು ಹೆಸರಿಗೆ ನಾಲ್ಕನೆಯ ಜಾಗವೂ ಸಿಕ್ಕಿದಂತಾಯಿತು.

ಇನ್ನೊಂದು ಸಂಗತಿ. ಜನರಲ್ ವಿಲಿಯಂ ರಾಯ್ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ತ್ರಿಕೋನ ಮಾಪನ ನಡೆಸಿದಾಗ ಈ ಗೋಪುರವನ್ನೂ ಒಂದು ಅಳತೆಯ ನೆಲೆಯಾಗಿ ಬಳಸಿದ್ದ. ಯಾವ ಊರಿನದು ಎಂದು ಇನ್ನೂ ಜನ ಜಗಳವಾಡುವ ಹೆಸರನ್ನು ಹೊತ್ತ ಕಟ್ಟಡದಿಂದ ಎರಡು ದೇಶಗಳ ನಡುವಿನ ದೂರ ಅಳೆದರು ಎನ್ನುವುದು ನನಗೆ ಯಾವಾಗಲೂ ನಗು ತರಿಸುತ್ತದೆ.

ಮಾಗಡಿ ಕಲ್ಲು:

ಗೋಪುರ ಹೋದರೆ ಹೋಗಲಿ, ಬೆಟ್ಟ ನಮ್ಮಲ್ಲೇ ಇದೆ. ಹಾಗಾದರೆ ಇದನ್ನೂ ಬರೆದುಕೊಳ್ಳಿ: ಸಾವನದುರ್ಗ ಒಂದು ಕೋಟೆಯಲ್ಲ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರಗಳು, ನಡುವೆ ಆಳವಾದ ಕಮರಿ, ಎರಡರ ಮೇಲೂ ಬೇರೆ ಬೇರೆ ಕೋಟೆ. ಈಗ ಚಾರಣಿಗರು ಹತ್ತುವುದು ಹೆಚ್ಚಾಗಿ ಕರಿಗುಡ್ಡ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಗಳಿವೆ. ಚಿತ್ರದಲ್ಲಿ ಎರಡು ತಲೆಯ ಬೆಟ್ಟ ಕಂಡರೆ ಅನುಮಾನವೇ ಬೇಡ.

ಶಾಸನದೋದು:

‘ಸಾವಂದಿ’ ಎಂಬ ಹೆಸರು ಮುಖ್ಯ. ಮಾಡಬಾಳಿನಲ್ಲಿ ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ, 1340ರ ಶಾಸನದಲ್ಲಿ ಈ ಬೆಟ್ಟವನ್ನು ಸಾವಂದಿ ಎಂದೇ ಕರೆದಿದೆ. ಅಂದರೆ ಹೆಸರು ಮಾಗಡಿಯ ಗೌಡರಿಗಿಂತ ಬಹಳ ಹಿಂದಿನದು. ಆದರೆ ಒಂದು ಎಚ್ಚರಿಕೆ. ಬೆಟ್ಟದ ಹೆಸರು 1340ರಲ್ಲಿ ಸಿಕ್ಕಿತೆಂದು ‘1340ರಲ್ಲಿ ಕಟ್ಟಿದ ಕೋಟೆ’ ಎಂದು ಬರೆದುಬಿಡಬೇಡಿ. ಶಾಸನ ಹೇಳುವುದು ಬೆಟ್ಟದ ವಿಷಯ, ಗೋಡೆಯ ವಿಷಯವಲ್ಲ. ಇಂಥ ಜಿಗಿತವನ್ನು ಪ್ರವಾಸಿ ಫಲಕಗಳಲ್ಲಿ ಎಷ್ಟು ನೋಡಿದ್ದೇನೆಂದರೆ ಈಗ ಫಲಕ ಓದುವುದನ್ನೇ ಬಿಟ್ಟಿದ್ದೇನೆ.

ಕೋಟೆಯೇ ತನ್ನ ಹುಟ್ಟಿನ ದಿನ ಹೇಳುವುದೂ ಉಂಟು. ರಾಯಚೂರು ಕೋಟೆಯ ಗೋಡೆಯಲ್ಲಿರುವ ಆ ಭಾರೀ ಉದ್ದದ ಕಲ್ಲಿನ ಮೇಲೆ, ಕಾಕತೀಯರ ಅಧೀನದ ಗೋರೆ ಗನ್ನಯ ರೆಡ್ಡಿ 1294ರಲ್ಲಿ ಕಟ್ಟಿಸಿದ್ದು ಎಂಬ ಬರಹವಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ದೃಶ್ಯವನ್ನೂ ಪಕ್ಕದಲ್ಲಿ ಕೊರೆದಿದ್ದಾರೆ. ಬೆಂಗಳೂರಿನ ಸುತ್ತಲಿನ ದುರ್ಗಗಳಲ್ಲಿ ನಮಗೆ ಅಂಥ ಸುಲಭದ ಸಾಕ್ಷಿ ಇಲ್ಲ. ಎಲ್ಲದಕ್ಕೂ ‘ಕೆಂಪೇಗೌಡ ಕಟ್ಟಿಸಿದ’ ಎನ್ನುತ್ತಾರೆ. ಯಾವ ಕೆಂಪೇಗೌಡ? ಆ ಮನೆತನದಲ್ಲಿ ಅದೇ ಹೆಸರಿನ ದೊರೆಗಳು ಹಲವರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನು ತೆಗೆದುಕೊಂಡರು. ಅಲ್ಲಿಂದ 1791ರವರೆಗೆ ಅರವತ್ತಮೂರು ವರ್ಷ ಕೋಟೆ ಮೈಸೂರಿನ ಕೈಯಲ್ಲಿತ್ತು. ಹೋಮ್ ಬರೆದ ಗೋಡೆಗಳಲ್ಲಿ ಯಾವುದು ಯಾರದು ಎಂದು ಚಿತ್ರ ನೋಡಿ ಹೇಳಲಾಗದು. ‘ಮಾಗಡಿ ಗೌಡರ ಕಾಲದ ಕೋಟೆ, ನಂತರ ಮೈಸೂರಿನ ಆಳ್ವಿಕೆಯಲ್ಲಿ’ ಎಂದರೆ ಸಾಕು.

ಚಿತ್ರಸಾಲೆ:

ಬಹಳ ಉಪಕಾರವಾಯಿತು. ನಮ್ಮಲ್ಲಿರುವ ಸೆವರ್ನ್‌ಡ್ರೂಗ್ ಚಿತ್ರದಲ್ಲಿ ಎರಡು ತಲೆಯ ಬಂಡೆ ಸ್ಪಷ್ಟವಾಗಿದೆ, ಡೇರೆಗಳೂ ಇವೆ. ಅದು ಮುಗಿಯಿತು. ಊಟ್ರಾಡ್ರೂಗ್ ಮತ್ತು ಹೂಲಿಯಾಡ್ರೂಗ್ ಬಗ್ಗೆ?

ಸಂತೇಪೇಟೆ ದಾರಿ:

ನಮ್ಮ ಕಡೆಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಊಟ್ರಾಡ್ರೂಗ್ ಎಂದರೆ ಹುತ್ರಿದುರ್ಗ. ಹೂಲಿಯಾಡ್ರೂಗ್ ಎಂದರೆ ಹುಲಿಯೂರುದುರ್ಗ. ಎರಡೂ ಬೇರೆ ಬೇರೆ ಬೆಟ್ಟಗಳು, ಬೇರೆ ಬೇರೆ ಹೋಬಳಿಗಳು. ಗೊಂದಲಕ್ಕೆ ಕಾರಣವೇನೆಂದರೆ ಎರಡೂ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲೇ ಇವೆ. ಹುತ್ರಿದುರ್ಗ ಮಾಗಡಿ ತಾಲ್ಲೂಕಿನ ಗಡಿಗೆ ಅಂಟಿಕೊಂಡಿದೆ. ಬೆಂಗಳೂರಿನಿಂದ ಬರುವವರು ಮಾಗಡಿಯ ಮೇಲೆ ಬರುತ್ತಾರೆ, ಹಾಗಾಗಿ ಚಾರಣದ ಜಾಲತಾಣಗಳು ಮಾಗಡಿ ಎಂದೇ ಬರೆದುಬಿಡುತ್ತವೆ. ಪಹಣಿ ತೆಗೆಸಲು ಹೋದರೆ ಕುಣಿಗಲ್ಲಿಗೇ ಹೋಗಬೇಕು.

ನೋಡಿದವರು ಎರಡನ್ನೂ ಅದಲು ಬದಲು ಮಾಡುವುದು ಸಾಧ್ಯವಿಲ್ಲ. ಹುಲಿಯೂರುದುರ್ಗದ ಬೆಟ್ಟ ಬೋರಲು ಹಾಕಿದ ಬಟ್ಟಲಿನಂತೆ ಒಂಟಿಯಾಗಿ ನಿಂತಿದೆ. ಹುತ್ರಿದುರ್ಗದಲ್ಲಿ ಬೆಟ್ಟದ ಮಗ್ಗುಲಲ್ಲೇ ಸಂತೇಪೇಟೆ ಊರಿದೆ, ಒಂದರ ಮೇಲೊಂದು ಬಾಗಿಲು ದಾಟಿ ಹೋಗಬೇಕು, ಮೇಲೆ ಶಂಕರೇಶ್ವರನ ಗುಡಿ ಇದೆ.

ಹಳೆ ನಕ್ಷೆ:

ಸಂತೇಪೇಟೆಯವರು ಹೇಳಿದ್ದನ್ನು ದಂಡಯಾತ್ರೆಯ ದಾರಿಯಿಂದಲೂ ಪರೀಕ್ಷಿಸಬಹುದು. ಹೆಸರು ಸರಿಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದ. ಮೇ 15ರಂದು ಅರಕೆರೆಯಲ್ಲಿ ಯುದ್ಧವೂ ಆಯಿತು. ಆದರೆ ಎತ್ತುಗಳು ಸತ್ತು, ಧಾನ್ಯ ಮುಗಿದು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಹಿಂದಿರುಗುವ ಹೊತ್ತಿನಲ್ಲಿ ಮರಾಠರ ದಂಡು ಬಂದು ಕೂಡಿಕೊಂಡಿತು. ಹುಲಿಯೂರುದುರ್ಗ ಮೊದಲು ಬ್ರಿಟಿಷರ ಕೈಗೆ ಸಿಕ್ಕಿದ್ದು ಈ ಹಿಮ್ಮರಳುವ ದಾರಿಯಲ್ಲಿ. ನಕ್ಷೆ ತೆಗೆದು ಶ್ರೀರಂಗಪಟ್ಟಣದಿಂದ ಈಶಾನ್ಯಕ್ಕೆ ಬೆಂಗಳೂರಿನ ಕಡೆ ಗೆರೆ ಎಳೆಯಿರಿ, ಹುಲಿಯೂರುದುರ್ಗ ಎಲ್ಲಿದೆ ಎಂದು ನೋಡಿ.

ಎರಡನೆಯ ಸಲ ಹೊರಡುವ ಮೊದಲು ಅವನು ಕಲಿತ ಪಾಠ ಒಂದೇ: ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಧಾನ್ಯದ ಬಂಡಿಗಳು ತಡೆಯಿಲ್ಲದೆ ಬರಬೇಕಾದರೆ ದಾರಿಯ ಮಗ್ಗುಲಲ್ಲಿರುವ ಬೆಟ್ಟದ ಕೋಟೆಗಳು ಟಿಪ್ಪುವಿನ ಕೈಯಲ್ಲಿ ಉಳಿಯಬಾರದು. ಉತ್ತರದಲ್ಲಿ ನಂದಿದುರ್ಗ ಅಕ್ಟೋಬರ್ 19ರ ನಸುಕಿನಲ್ಲಿ ಬಿತ್ತು. ಆಮೇಲೆ ಪಶ್ಚಿಮದ ಸರದಿ. ಸಾವನದುರ್ಗ ಡಿಸೆಂಬರ್ 21. ಹುತ್ರಿದುರ್ಗ ಡಿಸೆಂಬರ್ 24. ಎರಡರ ನಡುವಿನ ನೇರ ದೂರ ಸುಮಾರು 20 ಕಿಲೋಮೀಟರ್. ಮೂರು ದಿನದಲ್ಲಿ ದಂಡು ಸಾಗಿ ದಾಳಿ ಮಾಡಲು ಸರಿಯಾದ ಅಂತರ. ಸಾವನದುರ್ಗ ಬಿದ್ದ ಆಸುಪಾಸಿನಲ್ಲೇ ‘ರಾಮ್‌ಗರಿ’ಯೂ ಅವರ ವಶವಾಯಿತು. ಹುಲಿಯೂರುದುರ್ಗವನ್ನು ಮತ್ತೆ ಹಿಡಿದದ್ದು 1792ರ ಜನವರಿ ಕೊನೆಯಲ್ಲಿ. ಫೆಬ್ರವರಿ 5ಕ್ಕೆ ದಂಡು ಶ್ರೀರಂಗಪಟ್ಟಣದ ಎದುರು, 6ರ ರಾತ್ರಿ ದಾಳಿ. ಈ ಸಾಲಿನಲ್ಲಿ ಪ್ರತಿ ಹೆಸರೂ ತನ್ನ ಜಾಗದಲ್ಲಿ ಕೂರುತ್ತದೆ. ಊಟ್ರಾಡ್ರೂಗ್, ಹೂಲಿಯಾಡ್ರೂಗ್ ಒಂದೇ ಎಂದುಕೊಂಡರೆ ಒಂದೇ ಕೋಟೆಯನ್ನು ಡಿಸೆಂಬರ್‌ನಲ್ಲಿ ಗೆದ್ದು ಜನವರಿಯಲ್ಲಿ ಮತ್ತೆ ಗೆದ್ದಂತಾಗುತ್ತದೆ.

ಚಿತ್ರಸಾಲೆ:

ರಾಮ್‌ಗರಿ ಚಿತ್ರವೂ ನಮ್ಮಲ್ಲಿದೆ! ಅದಕ್ಕೆ ಗೆಳೆಯರೊಬ್ಬರು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಎಂದು ಬರೆದುಕೊಟ್ಟಿದ್ದಾರೆ. ಅಲ್ಲಿಯೂ ಬೆಟ್ಟ, ಕೋಟೆ ಇದೆಯಂತೆ.

ಹಳೆ ನಕ್ಷೆ:

ಅಲ್ಲಿಯೂ ಇದೆ, ನಿಜ. ಆದರೆ 1791ರ ಡಿಸೆಂಬರ್ ಕೊನೆಯ ವಾರದಲ್ಲಿ ಮಾಗಡಿಯ ಕಾಡಿನಲ್ಲಿದ್ದ ದಂಡಿನ ತುಕಡಿಯೊಂದು ಹೊಳಲ್ಕೆರೆಗೆ ಹೋಗಿ ಬರಲು ರೆಕ್ಕೆ ಬೇಕಾಗುತ್ತಿತ್ತು. ನಿಮ್ಮದು ರಾಮನಗರದ ರಾಮಗಿರಿ, ಈಗ ಎಲ್ಲರೂ ರಾಮದೇವರ ಬೆಟ್ಟ ಎನ್ನುವುದು. ಬೆಟ್ಟದ ಕೆಳಗಿನ ಪೇಟೆಯ ಹೆಸರಿನ ಕಥೆ ಬೇರೆಯೇ ಇದೆ. ದಿವಾನ್ ಪೂರ್ಣಯ್ಯ 1800ರಲ್ಲಿ ಪೇಟೆ ಕಟ್ಟಿಸಿ ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ (ರೆಸಿಡೆಂಟ್) ಬ್ಯಾರಿ ಕ್ಲೋಸ್‌ನ ಹೆಸರಿಟ್ಟ; ಕ್ಲೋಸ್‌ಪೇಟೆ ಆಯಿತು. ಭೂವಿಜ್ಞಾನಿಗಳು ಇಂದಿಗೂ ಈ ಬಂಡೆಗಳನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ತೀರ್ಮಾನಿಸಿತು. ಆದ್ದರಿಂದ ಅಡಿಬರಹದಲ್ಲಿ ಜಿಲ್ಲೆ ಬರೆಯಬೇಡಿ, ತಾಲ್ಲೂಕು ಬರೆಯಿರಿ ಎಂದು ನನ್ನ ಸಲಹೆ. ಜಿಲ್ಲೆಯ ಹೆಸರು ಬೇಗ ಹಳತಾಗುತ್ತದೆ.

ಶಾಸನದೋದು:

ತಾಲ್ಲೂಕುಗಳೂ ಅಷ್ಟೇನೂ ನಂಬಿಕಸ್ಥವಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳ ಸಂಖ್ಯೆ ತಾಲ್ಲೂಕುವಾರು. ಅಂದಿನ ಕಂಕಾನಹಳ್ಳಿ ತಾಲ್ಲೂಕು ಇಂದಿನ ಕನಕಪುರ. ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳೇ ಬೇರೆ. ಯಾರಾದರೂ ‘ಮಾಗಡಿ ಶಾಸನ ಇಷ್ಟನೆಯದು’ ಎಂದು ಹೇಳಿದರೆ ಯಾವ ಮುದ್ರಣದ್ದು ಎಂದು ಕೇಳಿ ಬರೆದುಕೊಳ್ಳಿ.

ಬಾರಾಮಹಲ್ ಬೀದಿ:

ಕೃಷ್ಣಗಿರಿಯಿಂದ ಬರೆಯುತ್ತಿದ್ದೇನೆ. ನಿಮ್ಮ ಚಿತ್ರಗಳಲ್ಲಿ ‘ರಾಯಕೋಟಾ’, ‘ಕಿಸ್ಟ್‌ನಗೆರಿ’, ‘ಔಸ್ಸೂರ್’ ಇದ್ದರೆ ಕರ್ನಾಟಕದಲ್ಲಿ ಹುಡುಕಬೇಡಿ. ರಾಯಕೋಟೆ, ಕೃಷ್ಣಗಿರಿ, ಹೊಸೂರು ಮೂರೂ ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಆಗ ಇವು ಮೈಸೂರಿನ ಕೋಟೆಗಳು. 1791ರ ಜುಲೈನಲ್ಲಿ ಹೊಸೂರು, ರಾಯಕೋಟೆ ಕಂಪನಿಯ ವಶವಾದವು. ತಮಿಳು ಸೀಮೆಯ ಕರ್ನಾಟಿಕ್ ಬಯಲಿನಿಂದ ಬೆಂಗಳೂರಿಗೆ ಬರುವ ಘಾಟಿಯ ದಾರಿ ಅಲ್ಲಿತ್ತು. ನವೆಂಬರ್‌ನಲ್ಲಿ ಕಂಪನಿಯ ಸೇನಾಧಿಕಾರಿ ಮ್ಯಾಕ್ಸ್‌ವೆಲ್ ಕೃಷ್ಣಗಿರಿಯ ಪೇಟೆಯ ಮೇಲೆ ಬಿದ್ದು, ಬೆಟ್ಟದ ಕೋಟೆಯನ್ನು ಹತ್ತಲಾಗದೆ ಹಿಂದಿರುಗಿದ. 1792ರ ಒಪ್ಪಂದದಲ್ಲಿ ಕೃಷ್ಣಗಿರಿಯೂ ಸೇರಿದ ಬಾರಾಮಹಲ್ ಸೀಮೆ ಕಂಪನಿಗೆ ಹೋಯಿತು. ‘ಕೃಷ್ಣಗಿರಿ ಕೋಟೆಯನ್ನು 1791ರಲ್ಲಿ ಗೆದ್ದರು’ ಎಂದು ದಯವಿಟ್ಟು ಹಾಕಬೇಡಿ. ಗೆದ್ದದ್ದು ಕಾಗದದ ಮೇಲೆ.

ಪೇಟೆ ಹುಡುಗಿ:

ಬೆಂಗಳೂರಿನ ದಿನಾಂಕದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಎರಡೂ ಸರಿ. ಮಾರ್ಚ್ 7ರಂದು ಬಿದ್ದದ್ದು ಪೇಟೆ; ಅದರ ಸುತ್ತ ಬೇರೆ ಗೋಡೆ, ಮುಳ್ಳಿನ ಬೇಲಿ, ಕಂದಕ ಇತ್ತು. ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತದ್ದು ಅಲ್ಲಿ. ಕೋಟೆ ಪೇಟೆಯ ದಕ್ಷಿಣಕ್ಕಿತ್ತು, ಅಂಡಾಕಾರದ್ದು, ಹೈದರನ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿಸಿದ್ದು. ಅದು ಬಿದ್ದದ್ದು ಮಾರ್ಚ್ 21ರ ರಾತ್ರಿ. ಈಗ ಉಳಿದಿರುವ ದೆಹಲಿ ಬಾಗಿಲಿನ ಬಳಿ ಗೋಡೆಯಲ್ಲಿ ಫಲಕವೂ ಇದೆ, ಈ ಬಿರುಕಿನ ಮೂಲಕ ದಾಳಿ ನಡೆಯಿತು ಎಂದು, ತಾರೀಖಿನ ಸಮೇತ. ಕೃಷ್ಣರಾಜೇಂದ್ರ ಮಾರುಕಟ್ಟೆಗೆ ತರಕಾರಿಗೆ ಹೋಗುವವರು ಪ್ರತಿದಿನ ಅದರ ಮುಂದೆಯೇ ಹಾದುಹೋಗುತ್ತಾರೆ. ಚಿತ್ರದಲ್ಲಿ ಪೇಟೆ ಕಾಣುತ್ತದೆಯೋ ಕೋಟೆ ಕಾಣುತ್ತದೆಯೋ ನೋಡಿ ದಿನಾಂಕ ಹಾಕಿ.

ಮಲೆನಾಡ ಮಂಜು:

ಹೆಸರಿನ ಗೊಂದಲಕ್ಕೆ ನಮ್ಮ ಕಡೆಯದೂ ಸೇರಿಸಿಕೊಳ್ಳಿ. ಮೇಲೆ ಅರಕೆರೆ ಯುದ್ಧದ ಮಾತು ಬಂತು. ಅದು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ, 1791. ಬ್ರಿಟಿಷ್ ಕಾಗದಪತ್ರಗಳಲ್ಲಿ ಇನ್ನೊಂದು ‘ಅರಕೀರಿ’ ಇದೆ, 1802ರ ಜನವರಿಯದು. ಬಲ್ಲಂ ಸೀಮೆಯ ದೊರೆ ಕೃಷ್ಣಪ್ಪ ನಾಯಕ ಕಾಡಿನಲ್ಲಿ ಭದ್ರಪಡಿಸಿಕೊಂಡಿದ್ದ ನೆಲೆ ಅದು. ಆರ್ಥರ್ ವೆಲ್ಲೆಸ್ಲಿ ಅದರ ಮೇಲೆ ದಾಳಿ ಮಾಡಿದ. ಬಲ್ಲಂ ಎಂದರೆ ಈಗಿನ ಸಕಲೇಶಪುರದ ಸುತ್ತಲಿನ ಸೀಮೆ. ಎರಡನ್ನೂ ಒಂದೇ ಎಂದು ತಿಳಿದು, ವೆಲ್ಲೆಸ್ಲಿಯನ್ನು ಕಾವೇರಿ ದಂಡೆಯ ಅರಕೆರೆಯಲ್ಲಿ ನಿಲ್ಲಿಸಿದ ಲೇಖನಗಳನ್ನು ಓದಿದ್ದೇನೆ.

ಹಾಗೆಯೇ 1783ರ ‘ಅನಂಪೋರ್’. ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಬಿದನೂರು ಹಿಡಿದ ಮೇಲೆ ಅನಂಪೋರ್‌ನಲ್ಲಿ ನಡೆದ ಕೊಲೆಗಳ ಬಗ್ಗೆ ಇಂಗ್ಲೆಂಡಿನಲ್ಲೇ ದೊಡ್ಡ ಗಲಾಟೆಯಾಯಿತು. ಅದನ್ನು ಆಂಧ್ರದ ಅನಂತಪುರ ಎಂದುಕೊಳ್ಳುವವರಿದ್ದಾರೆ. ಬಿದನೂರು ನಮ್ಮ ಹೊಸನಗರ ತಾಲ್ಲೂಕಿನ ನಗರ; ಅನಂಪೋರ್ ಸಾಗರ ತಾಲ್ಲೂಕಿನ ಆನಂದಪುರ. ಕರಾವಳಿಯಿಂದ ಘಟ್ಟ ಹತ್ತಿದ ದಂಡು ಬಳ್ಳಾರಿಯನ್ನೂ ದಾಟಿ ಹೋಗುವುದು ಎಲ್ಲಿಯ ಮಾತು?

ಗಡಾಯಿಕಲ್ಲು:

ಟಿಪ್ಪು ಇಟ್ಟ ಹೆಸರುಗಳನ್ನೂ ನೋಡಿಕೊಳ್ಳಿ. ದೇವನಹಳ್ಳಿಗೆ ಯೂಸುಫಾಬಾದ್, ಚಿತ್ರದುರ್ಗಕ್ಕೆ ಫರ್ರುಖಿಯಾಬ್ ಹಿಸಾರ್. 1799ರ ನಂತರ ಜನ ಮತ್ತೆ ಹಳೆಯ ಹೆಸರಿಗೇ ಮರಳಿದರು. ಸಕಲೇಶಪುರದ ಮಂಜರಾಬಾದ್ ಮತ್ತು ನಮ್ಮ ಬೆಳ್ತಂಗಡಿಯ ಜಮಾಲಾಬಾದ್ ಮಾತ್ರ ಉಳಿದವು. ಉಳಿದರೂ, ಊರವರ ಬಾಯಲ್ಲಿ ಅದು ಗಡಾಯಿಕಲ್ಲು ಅಥವಾ ನರಸಿಂಹಗಡ. ಒಂದು ಬಂಡೆ, ಮೂರು ಹೆಸರು, ಮೂರೂ ಚಾಲ್ತಿಯಲ್ಲಿವೆ. ಇದಕ್ಕೆ ತಿರುಗುಮುರುಗಾದದ್ದು ಜಾಫರಾಬಾದ್: ಮಡಿಕೇರಿಗೂ ಆ ಹೆಸರು, ಕನಕಪುರದ ಕಬ್ಬಾಳದುರ್ಗಕ್ಕೂ ಆ ಹೆಸರು. ಕಾಗದದಲ್ಲಿ ಬರಿಯ ‘ಜಾಫರಾಬಾದ್’ ಎಂದಿದ್ದರೆ ಹಿಂದೆ ಮುಂದೆ ಓದದೆ ಯಾವುದೆಂದು ಹೇಳಬಾರದು. ಕೊಡವರ ಮಾತು ಬಂದಿದ್ದರೆ ಮಡಿಕೇರಿ. ಸೆರೆಯಾಳುಗಳ ಮಾತು ಬಂದಿದ್ದರೆ ಕಬ್ಬಾಳದುರ್ಗ ಇರಬಹುದು, ಅದು ಮೈಸೂರಿನವರ ಸೆರೆಮನೆಯಾಗಿತ್ತು.

ಮಾಗಡಿ ಕಲ್ಲು:

ಒಂದು ತಕರಾರು. ಎಲ್ಲವನ್ನೂ ಬ್ರಿಟಿಷರ ದಿನಚರಿಯಿಂದಲೇ ಪರೀಕ್ಷಿಸುತ್ತಿದ್ದೀರಿ. ಗೆದ್ದವರು ಬರೆದದ್ದೆಲ್ಲ ಸತ್ಯವೇ? ಸಾವನದುರ್ಗವನ್ನು ಒಂದೇ ಗಂಟೆಯಲ್ಲಿ ಹತ್ತಿಬಿಟ್ಟೆವು, ನಮಗೆ ಏನೂ ಆಗಲೇ ಇಲ್ಲ ಎಂದು ಕೊಚ್ಚಿಕೊಂಡಿದ್ದಾರೆ.

ಹಳೆ ನಕ್ಷೆ:

ತಕರಾರು ನ್ಯಾಯವಾದದ್ದು. ಆದರೆ ಒಂದೇ ಪುಸ್ತಕದಲ್ಲಿ ಬೇರೆ ಬೇರೆ ಮಾತುಗಳ ತೂಕ ಬೇರೆ ಬೇರೆ. ದಂಡು ಯಾವ ದಿನ ಎಲ್ಲಿ ಬೀಡುಬಿಟ್ಟಿತು, ಫಿರಂಗಿ ಎಳೆಯಲು ಕಾಡಿನಲ್ಲಿ ದಾರಿ ಕಡಿಯಲು ಎಷ್ಟು ದಿನ ಹಿಡಿಯಿತು ಎಂಬುದರಲ್ಲಿ ಸುಳ್ಳು ಹೇಳಿ ಅವರಿಗೆ ಲಾಭವಿಲ್ಲ. ಅದನ್ನು ಹಲವು ಅಧಿಕಾರಿಗಳು ಬೇರೆ ಬೇರೆಯಾಗಿ ಬರೆದಿಟ್ಟಿದ್ದಾರೆ, ಹೋಲಿಸಬಹುದು. ಶತ್ರು ಎಷ್ಟು ಜನ ಸತ್ತರು, ಟಿಪ್ಪು ಏನು ಅಂದುಕೊಂಡ ಎಂಬಲ್ಲಿ ಅನುಮಾನವಿಟ್ಟುಕೊಂಡೇ ಓದಬೇಕು. ಸಾವನದುರ್ಗದ ಕಾಡಿನ ಜ್ವರದಲ್ಲಿ ಬ್ರಿಟಿಷರು ಅರ್ಧ ಸಾಯುತ್ತಾರೆಂದು ಟಿಪ್ಪು ಸಂತೋಷಪಟ್ಟ ಎಂದು ಅವರೇ ಬರೆದಿದ್ದಾರೆ. ಟಿಪ್ಪುವಿನ ಡೇರೆಯಲ್ಲಿ ಕುಳಿತು ಕೇಳಿದವರು ಯಾರು? ನಾನಾಗಿದ್ದರೆ ಆ ಮಾತನ್ನು ಅಡಿಬರಹಕ್ಕೆ ಹತ್ತಿಸುವುದಿಲ್ಲ.

ಎತ್ತರದ ಅಂಕಿಗಳಿಗೂ ಇದೇ ಮಾತು. ಸಾವನದುರ್ಗ 4,024 ಅಡಿ ಎಂದು ಹಳೆಯ ಗೆಝೆಟಿಯರ್, 1,226 ಮೀಟರ್ ಎಂದು ಹೊಸ ಜಾಲತಾಣ. ಎರಡು ಕಡೆ ಸಿಕ್ಕಿತು, ದೃಢಪಟ್ಟಿತು ಎಂದು ಬೀಗಬೇಡಿ. ಗುಣಿಸಿ ನೋಡಿ: ಹಳೆಯ ಅಡಿಯನ್ನೇ ಮೀಟರಿಗೆ ತಿರುಗಿಸಿದ್ದಾರೆ. ನಂದಿಯ 4,851 ಅಡಿ, 1,478 ಮೀಟರ್ ಕೂಡ ಹಾಗೆಯೇ. ಒಂದೇ ಸಾಕ್ಷಿ ಎರಡು ಅಂಗಿ ತೊಟ್ಟು ಬಂದಿದೆ. ತಪ್ಪು ಎನ್ನುತ್ತಿಲ್ಲ, ಎರಡು ಸಾಕ್ಷಿ ಎಂದು ಎಣಿಸಬೇಡಿ ಎನ್ನುತ್ತಿದ್ದೇನೆ.

ಸಂತೇಪೇಟೆ ದಾರಿ:

ಮಾಗಡಿಯವರ ಮಾತಿಗೆ ನನ್ನದೂ ಒಂದು ಒತ್ತು. ಊರವರನ್ನು ಕೇಳಿ, ಆದರೆ ಕೇಳುವ ರೀತಿ ಇರಲಿ. ‘ಇದು ಕೆಂಪೇಗೌಡರ ಕೋಟೆ ಅಲ್ಲವೇ?’ ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ, ಬಂದವರ ಮನಸ್ಸು ನೋಯಿಸುವುದು ಏಕೆ ಎಂದು. ಆ ಬಾಗಿಲಿಗೆ ಏನೆನ್ನುತ್ತೀರಿ, ಈ ದೊಣೆಗೆ ಏನೆನ್ನುತ್ತೀರಿ, ದನ ಯಾವ ದಾರಿಯಲ್ಲಿ ಹತ್ತುತ್ತವೆ ಎಂದು ಕೇಳಿ. ಆಗ ನಿಮ್ಮ ಯಾವ ಪುಸ್ತಕದಲ್ಲೂ ಇಲ್ಲದ ಹೆಸರುಗಳು ಬರುತ್ತವೆ. ಹಿಂದೆ ಒಬ್ಬರು ಬಂದು ಕೋಟೆಯ ಬಾಗಿಲುಗಳಿಗೆಲ್ಲ ಬಹಳ ಗಂಭೀರವಾದ ಸಂಸ್ಕೃತ ಹೆಸರು ಹಾಕಿಕೊಂಡು ಹೋದರು. ಅವು ಈಗ ಅಂತರ್ಜಾಲದಲ್ಲಿವೆ. ನಮ್ಮ ಅಜ್ಜಂದಿರಿಗೆ ಅವುಗಳಲ್ಲಿ ಒಂದೂ ಗೊತ್ತಿರಲಿಲ್ಲ.

ಪೇಟೆ ಹುಡುಗಿ:

ಚಾರಣ ಗುಂಪುಗಳ ‘ನವದುರ್ಗ’ ಪಟ್ಟಿಯ ಬಗ್ಗೆ ಏನು ಹೇಳುತ್ತೀರಿ? ಸಾವನದುರ್ಗ, ನಂದಿದುರ್ಗ, ಮಾಕಳಿದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ, ಭೈರವದುರ್ಗ, ಕಬ್ಬಾಳದುರ್ಗ. ಬೆಂಗಳೂರನ್ನು ಕಾಯಲು ಕಟ್ಟಿದ ಒಂಬತ್ತು ಕೋಟೆಗಳ ಉಂಗುರ ಎನ್ನುತ್ತಾರೆ.

ಶಾಸನದೋದು:

ಒಂಬತ್ತೂ ನಿಜವಾದ ಬೆಟ್ಟಗಳೇ, ಭಾನುವಾರ ಹತ್ತಲು ಒಳ್ಳೆಯ ಪಟ್ಟಿ. ಉಂಗುರದ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಇವುಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಪಾಳೆಯಗಾರರು ತಂತಮ್ಮ ಸೀಮೆ ಕಾಯಲು ಹಿಡಿದುಕೊಂಡಿದ್ದರು. ನಂದಿಯ ಕೋಟೆ ಮಾಗಡಿಯವರದಲ್ಲ, ದೇವರಾಯನದುರ್ಗಕ್ಕೆ ಹೆಸರು ಕೊಟ್ಟ ಚಿಕ್ಕದೇವರಾಜ ಒಡೆಯರು ಮೈಸೂರಿನವರು. ಎಲ್ಲವೂ ಒಂದೇ ಆಡಳಿತದ ಕೆಳಗೆ ಬಂದದ್ದು ಬಹಳ ತಡವಾಗಿ. ನಿಮ್ಮ ಪ್ರದರ್ಶನದಲ್ಲಿ ಉಂಗುರದ ನಕ್ಷೆ ಹಾಕಬೇಡಿ. ಅದರ ಬದಲು ಹಳೆ ನಕ್ಷೆಯವರು ಹೇಳಿದ ದಂಡಿನ ದಾರಿಯ ನಕ್ಷೆ ಹಾಕಿ.

ಚಿತ್ರಸಾಲೆ:

ಎಲ್ಲರ ಮಾತೂ ಬರೆದುಕೊಂಡೆ. ಈಗ ಸಿದ್ಧವಾದ ಅಡಿಬರಹಗಳು ಇವು, ತಪ್ಪಿದ್ದರೆ ತಿದ್ದಿ.

‘ಸಾವನದುರ್ಗ. ಮಾಗಡಿ ತಾಲ್ಲೂಕು. ಮೂಲ ಚಿತ್ರದಲ್ಲಿ ಸೆವರ್ನ್‌ಡ್ರೂಗ್. ಕೊಂಕಣ ತೀರದ ಸುವರ್ಣದುರ್ಗಕ್ಕೂ ಇದೇ ಹೆಸರು ಬಳಕೆಯಲ್ಲಿತ್ತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯದ ವಶ.’

‘ಹುತ್ರಿದುರ್ಗ. ಕುಣಿಗಲ್ ತಾಲ್ಲೂಕು. ಮೂಲದಲ್ಲಿ ಊಟ್ರಾಡ್ರೂಗ್. 1791ರ ಡಿಸೆಂಬರ್ 24ರಂದು ವಶ.’

‘ರಾಮಗಿರಿ, ಈಗಿನ ರಾಮದೇವರ ಬೆಟ್ಟ. ರಾಮನಗರ ತಾಲ್ಲೂಕು. 1791ರ ಡಿಸೆಂಬರ್ ಕೊನೆಯಲ್ಲಿ ವಶ.’

‘ಬೆಂಗಳೂರು. ಚಿತ್ರದಲ್ಲಿರುವುದು ಕೋಟೆ, ಪೇಟೆಯಲ್ಲ. 1791ರ ಮಾರ್ಚ್ 21ರ ರಾತ್ರಿ ವಶ.’

ಹಳೆ ನಕ್ಷೆ:

ಚೆನ್ನಾಗಿವೆ. ರಾಮಗಿರಿಯದಕ್ಕೆ ‘ಹೊಳಲ್ಕೆರೆಯ ರಾಮಗಿರಿಯಲ್ಲ’ ಎಂದು ಒಂದು ಮಾತು ಸೇರಿಸಿ. ನಿಮ್ಮ ಗೆಳೆಯರಂತೆ ನೋಡಲು ಬರುವವರೂ ಯೋಚಿಸಬಹುದು. ಹುಲಿಯೂರುದುರ್ಗದ ಚಿತ್ರ ಇದ್ದರೆ ಎರಡು ಸಲ ಬಿದ್ದದ್ದನ್ನು ಹೇಳಿ.

ಮಾಗಡಿ ಕಲ್ಲು:

ಸಾವನದುರ್ಗದ ಅಡಿಬರಹದಲ್ಲಿ ಕರಿಗುಡ್ಡ, ಬಿಳಿಗುಡ್ಡ ಬರಲಿಲ್ಲ. ನಾಲ್ಕನೆಯ ಸಾಲು ಆದರೂ ಪರವಾಗಿಲ್ಲ, ಹಾಕಿ. ಕೊಂಕಣಕ್ಕೆ ಅರ್ಧ ಸಾಲು ಕೊಟ್ಟಿರುವಾಗ ನಮ್ಮ ಎರಡು ಗುಡ್ಡಗಳಿಗೆ ಒಂದು ಸಾಲು ಕೊಡಲು ಏನು ಕಷ್ಟ?

ಚಿತ್ರಸಾಲೆ:

ಹಾಕಿದೆ ಸರ್. ಹುಲಿಯೂರುದುರ್ಗದ ಚಿತ್ರವೂ ಇದೆ, ಅದರ ಅಡಿಬರಹವನ್ನು ಸಂತೇಪೇಟೆಯವರು ಒಮ್ಮೆ ನೋಡಿಕೊಟ್ಟರೆ ಗುರುವಾರ ಮುದ್ರಣಕ್ಕೆ ಕಳುಹಿಸುತ್ತೇನೆ.

ಸಂತೇಪೇಟೆ ದಾರಿ:

ಕಳುಹಿಸಿ. ಚಿತ್ರದ ಪ್ರತಿಯನ್ನೂ ಕಳುಹಿಸಿ. ಬೆಟ್ಟವನ್ನು ಯಾವ ದಿಕ್ಕಿನಿಂದ ನೋಡಿ ಬರೆದಿದ್ದಾರೆ ಎಂದು ಊರಿನ ಕಡೆ ಹೋಗಿ ನಿಂತು ನೋಡಿ ಹೇಳುತ್ತೇನೆ.